ಜಾಕ್ ಹಾಕಿದರೆ ಗಾಡಿ ಜಾರುತ್ತದೆ, ಕುಸಿಯುತ್ತದೆ, ಇಲ್ಲವೇ ಏಳುವುದೇ ಇಲ್ಲ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಟೈರ್ ಬದಲಿಸಲು, ಬ್ರೇಕ್ ಪ್ಯಾಡ್ ನೋಡಲು, ಇಂಜಿನ್ ಆಯಿಲ್ ಇಳಿಸಲು ಮನೆಯಂಗಳದಲ್ಲೇ ಕಾರು ಎತ್ತುವವರಿಗೆ ಈ ಕೈಪಿಡಿ. ಏನಾದರೂ ಎಡವಟ್ಟಾದರೆ ಎಲ್ಲರೂ ಬೈಯುವುದು ಜಾಕನ್ನೇ. ಆದರೆ ಅದರ ಮೇಲೆ ಗಾಡಿಯ ತಗಡಿದೆ, ಕೆಳಗೆ ನೆಲವಿದೆ, ಆಚೆ ನೆಲ ಕಚ್ಚಿಕೊಂಡ ಉಳಿದ ಮೂರು ಚಕ್ರಗಳಿವೆ. ದೋಷ ಹೆಚ್ಚಾಗಿ ಸಿಗುವುದು ಈ ಮೂರು ಕಡೆ. ಜಾಕ್ ಬಿಚ್ಚುವ ಯೋಚನೆ ಕೊನೆಗಿರಲಿ.

ಒಂದು ಮಾತು ಮೊದಲೇ. ಗಾಡಿ ಮೇಲಿರುವಾಗ ಅನುಮಾನ ಬಂದರೆ ಬಗ್ಗಿ ನೋಡಬೇಡಿ, ಮೊದಲು ಇಳಿಸಿ. ಚಕ್ರ ನೆಲ ಮುಟ್ಟಿದ ಮೇಲೆ ಕಾರಣ ಹುಡುಕಿ. ಜಾಕ್ ಒಂದರ ಮೇಲೆಯೇ ನಿಂತ ಗಾಡಿಯ ಅಡಿಗೆ ಕೈಯನ್ನೂ ತೂರಿಸಬಾರದು. ಬಿಚ್ಚಿದ ಚಕ್ರವನ್ನೋ ಸ್ಟೆಪ್ನಿಯನ್ನೋ ಜಾಕಿನ ಪಕ್ಕದಲ್ಲಿ, ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿಡಿ. ಗಾಡಿ ಬಿದ್ದರೂ ಅದರ ಮೇಲೆ ಕೂರುತ್ತದೆ, ಡಿಸ್ಕ್ ನೆಲಕ್ಕೆ ಬಡಿಯುವುದಿಲ್ಲ, ಮತ್ತೆ ಜಾಕ್ ತೂರಿಸಲು ಜಾಗವೂ ಉಳಿಯುತ್ತದೆ.

ಎತ್ತುವಾಗ ಗಾಡಿ ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ

"ಗೇರಿನಲ್ಲೇ ನಿಲ್ಲಿಸಿತ್ತು, ಆದರೂ ಉರುಳಿತು." ಈ ದೂರು ಸುಳ್ಳಲ್ಲ. ನಮ್ಮ ರಸ್ತೆಯ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಚಕ್ರಗಳಿಂದ ಎಳೆಯುವಂಥವು. ಗೇರ್ ಹಿಡಿದಿಡುವುದು ನೇರವಾಗಿ ಚಕ್ರವನ್ನಲ್ಲ, ಎರಡು ಚಕ್ರಗಳಿಗೆ ಬಲ ಹಂಚಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲನ್ನು. ಮುಂದಿನ ಎರಡೂ ಚಕ್ರ ನೆಲದ ಮೇಲಿರುವ ತನಕ ಆ ಹಿಡಿತ ಕೆಲಸಕ್ಕೆ ಬರುತ್ತದೆ. ಒಂದನ್ನು ಗಾಳಿಗೆತ್ತಿದ ಕ್ಷಣ ನೆಲದ ಮೇಲಿರುವ ಚಕ್ರ ಒಂದು ದಿಕ್ಕಿಗೆ, ಮೇಲಿರುವುದು ಅದರ ವಿರುದ್ಧ ದಿಕ್ಕಿಗೆ ಸಲೀಸಾಗಿ ತಿರುಗಬಹುದು. ಗೇರ್ ಇದ್ದೂ ಇಲ್ಲದಂತೆ. ಆಟೋಮ್ಯಾಟಿಕ್ ಗಾಡಿಯ ಪಾರ್ಕಿಂಗ್ ಲಾಕ್ ಕೂಡ ಡಿಫರೆನ್ಷಿಯಲ್‌ಗಿಂತ ಹಿಂದಿನ ಹಂತದಲ್ಲೇ ಹಿಡಿಯುವುದರಿಂದ ಅದರ ಕಥೆಯೂ ಇದೇ.

ಇದರಲ್ಲೇ ಒಂದು ಸುಳಿವೂ ಇದೆ. ಎತ್ತಿದ ಮುಂಚಕ್ರ ಯಾರೂ ಮುಟ್ಟದೆ ನಿಧಾನವಾಗಿ ತಿರುಗತೊಡಗಿದರೆ ಗಾಡಿ ಉರುಳಲು ಶುರುವಾಗಿದೆ ಎಂದು ಅರ್ಥ. ಚಕ್ರ ಹಿಂದಕ್ಕೆ ತಿರುಗುತ್ತಿದ್ದರೆ ಗಾಡಿ ಮುಂದಕ್ಕೆ ಹೊರಟಿದೆ. ಕೈಬಿಟ್ಟು ದೂರ ಸರಿಯಿರಿ.

ಹಾಗಾಗಿ ಮುಂದಿನ ಚಕ್ರ ಎತ್ತಿದಾಗ ಗಾಡಿಯನ್ನು ಹಿಡಿದಿರುವುದು ಹ್ಯಾಂಡ್ ಬ್ರೇಕ್ ಮತ್ತು ಅಡ್ಡಗಲ್ಲು ಮಾತ್ರ. ಹ್ಯಾಂಡ್ ಬ್ರೇಕ್ ಬಹುತೇಕ ಕಾರುಗಳಲ್ಲಿ ಹಿಂದಿನ ಚಕ್ರಗಳಿಗೆ. ಅದನ್ನು ಪರೀಕ್ಷಿಸುವುದು ಸುಲಭ: ಸಮತಟ್ಟು ಜಾಗದಲ್ಲಿ, ಎದುರು ಯಾರೂ ಇಲ್ಲದಾಗ, ಬ್ರೇಕ್ ಪೂರ್ತಿ ಎಳೆದು ಮೊದಲ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಡಿ. ಇಂಜಿನ್ ಏದುಸಿರು ಬಿಟ್ಟು ಆರಿಹೋಗಬೇಕು. ಗಾಡಿ ಆರಾಮಾಗಿ ಮುಂದೆ ಹೋದರೆ, ಅಥವಾ ಲಿವರ್ ಹತ್ತು ಕಟಕಟ ದಾಟಿದರೂ ಬಿಗಿ ಸಿಗದಿದ್ದರೆ, ಕೇಬಲ್ ಸಡಿಲವಾಗಿದೆ ಅಥವಾ ಬ್ರೇಕ್ ಶೂ ಸವೆದಿದೆ. ಅದನ್ನು ಸರಿಮಾಡಿಸುವವರೆಗೆ ಮುಂಭಾಗ ಎತ್ತುವ ಕೆಲಸ ಬೇಡ.

ಹಿಂದಿನ ಒಂದು ಚಕ್ರ ಎತ್ತುವಾಗ ಇಷ್ಟು ಕಷ್ಟವಿಲ್ಲ. ಮುಂದಿನ ಎರಡೂ ಚಕ್ರ ನೆಲದ ಮೇಲಿರುವುದರಿಂದ ಗೇರ್ ಹಿಡಿಯುತ್ತದೆ, ಉಳಿದ ಹಿಂಚಕ್ರವನ್ನು ಹ್ಯಾಂಡ್ ಬ್ರೇಕ್ ಹಿಡಿಯುತ್ತದೆ. ಹಿಂದಿನ ಎರಡನ್ನೂ ಎತ್ತಿದರೆ ಹ್ಯಾಂಡ್ ಬ್ರೇಕಿಗೆ ಕೆಲಸವೇ ಇಲ್ಲ. ಬೊಲೆರೊ, ಇನ್ನೋವಾ ಕ್ರಿಸ್ಟಾದಂಥ ಹಿಂಚಕ್ರ ಎಳೆಯುವ ಗಾಡಿಗಳಲ್ಲಿ ಈ ಲೆಕ್ಕ ತಿರುಗುಮುರುಗು: ಅಲ್ಲಿ ಹಿಂದಿನ ಒಂದು ಚಕ್ರ ಎತ್ತಿದರೆ ಗೇರಿನ ಹಿಡಿತ ಹೋಗುತ್ತದೆ, ಬ್ರೇಕ್ ಒಂದೇ ಚಕ್ರಕ್ಕೆ ಉಳಿಯುತ್ತದೆ.

ಅಡ್ಡಗಲ್ಲಿನ ವಿಷಯದಲ್ಲಿ ನಮ್ಮಲ್ಲಿ ಉದಾಸೀನ ಜಾಸ್ತಿ. ಮುಷ್ಟಿ ಗಾತ್ರದ ಉರುಟು ಕಲ್ಲನ್ನು ಟೈರ್ ಹತ್ತಿ ದಾಟುತ್ತದೆ. ಚಕ್ರದ ಎತ್ತರದ ಕಾಲುಭಾಗದಷ್ಟಾದರೂ, ಅಂದರೆ ಸಣ್ಣ ಕಾರಿಗೆ 14–15 ಸೆಂ.ಮೀ. ಎತ್ತರದ, ಓರೆಯಾಗಿ ಕೊಯ್ದ ಮರದ ತುಂಡು ಬೇಕು. ಎತ್ತುವ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಿರುವ ಚಕ್ರಕ್ಕೆ ಹಿಂದೂ ಮುಂದೂ ಒಂದೊಂದು ಕೊಡಿ. ನುಣುಪು ಟೈಲ್ಸ್ ಹಾಕಿದ ಪೋರ್ಟಿಕೋದಲ್ಲಿ ಮರದ ತುಂಡೇ ಚಕ್ರದ ಜೊತೆ ಜಾರುತ್ತದೆ. ಅಡಿಗೆ ಹಳೆಯ ಟ್ಯೂಬಿನ ರಬ್ಬರ್ ಹಾಕಿ.

ನೆಲ ಸಮವಾಗಿದೆಯೇ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಮಳೆನೀರು ರಸ್ತೆಗೆ ಹರಿಯಲೆಂದು ಪೋರ್ಟಿಕೋಗೆ ಇಳಿಜಾರು ಕೊಟ್ಟಿರುತ್ತಾರೆ. ಒಂದು ಚೊಂಬು ನೀರು ಸುರಿದು ನೋಡಿ. ಮೆಲ್ಲಗೆ ಹರಡಿದರೆ ಅಡ್ಡಗಲ್ಲು ಕೊಟ್ಟು ಕೆಲಸ ಮಾಡಬಹುದು. ಒಂದೇ ಕಡೆಗೆ ಓಡಿದರೆ ಗಾಡಿಯನ್ನು ಬೇರೆಡೆ ನಿಲ್ಲಿಸಿ. ಗೇಟಿನ ರ‍್ಯಾಂಪಿನ ಮೇಲೆ ಅರ್ಧ ನಿಂತ ಗಾಡಿಯನ್ನಂತೂ ಎತ್ತಲೇಬಾರದು.

ಗಾಡಿ ನಿಂತಲ್ಲೇ ಇದೆ, ಜಾಕಿನ ತಲೆ ಜಾರುತ್ತಿದೆ

ಚಕ್ರಗಳ ಮೇಲೆ ಉರುಳುವ, ಉದ್ದ ಹಿಡಿಕೆಯ ಟ್ರಾಲಿ ಜಾಕಿನಲ್ಲಿ ಇದಕ್ಕೆ ಮುಖ್ಯ ಕಾರಣ ಅದರ ತೋಳು. ತೋಳು ನೆಟ್ಟಗೆ ಮೇಲೇರುವುದಿಲ್ಲ, ಕಮಾನಿನ ಹಾಗೆ ಏರುತ್ತದೆ. 35 ಸೆಂ.ಮೀ. ಉದ್ದದ ತೋಳು ಅಡ್ಡ ಮಲಗಿದ ಸ್ಥಿತಿಯಿಂದ 40 ಡಿಗ್ರಿ ಏಳುವಷ್ಟರಲ್ಲಿ ಅದರ ತಲೆ ಹಿಡಿಕೆಯ ಕಡೆಗೆ ಸುಮಾರು 8 ಸೆಂ.ಮೀ. ಸರಿದಿರುತ್ತದೆ. ತಲೆ ಗಾಡಿಗೆ ಅಂಟಿಕೊಂಡಿರುವುದರಿಂದ ಆ 8 ಸೆಂ.ಮೀ. ಜಾಕೇ ಒಳಕ್ಕೆ ಉರುಳಬೇಕು. ಟ್ರಾಲಿ ಜಾಕಿಗೆ ಚಕ್ರ ಕೊಟ್ಟಿರುವುದು ಹೊತ್ತೊಯ್ಯುವ ಅನುಕೂಲಕ್ಕಷ್ಟೇ ಅಲ್ಲ. ಮಣ್ಣಿನಲ್ಲಿ, ಜಲ್ಲಿಯಲ್ಲಿ, ಇಂಟರ್‌ಲಾಕ್ ಇಟ್ಟಿಗೆಯ ಸಂದಿಯಲ್ಲಿ ಆ ಚಕ್ರ ಸಿಕ್ಕಿಕೊಂಡರೆ ಗಾಡಿ ಎಳೆಯಲ್ಪಡುತ್ತದೆ, ಇಲ್ಲವೇ ತಲೆ ಕಳಚಿಕೊಳ್ಳುತ್ತದೆ.

ಪರೀಕ್ಷೆ: ಎತ್ತುವ ಮೊದಲು ಜಾಕಿನ ಚಕ್ರದ ಪಕ್ಕ ಸೀಮೆಸುಣ್ಣದ ಗೆರೆ ಎಳೆಯಿರಿ. ಹತ್ತು ಪಂಪ್ ಆದ ಮೇಲೆ ನೋಡಿ. ಗಾಡಿ ಎದ್ದಿದ್ದೂ ಚಕ್ರ ಗೆರೆ ಬಿಟ್ಟು ಕದಲದಿದ್ದರೆ ಇಳಿಸಿ. ಜಾಕಿನ ಚಕ್ರಕ್ಕೆ ಸುತ್ತಿಕೊಂಡ ಕೂದಲು, ದಾರ, ಒಣಗಿದ ಗ್ರೀಸ್ ತೆಗೆದು ಎಣ್ಣೆ ಬಿಡಿ. ನೆಲ ಒರಟಾಗಿದ್ದರೆ ಜಾಕಿಗಿಂತ ಅರ್ಧ ಅಡಿ ಉದ್ದದ 18 ಮಿ.ಮೀ. ಪ್ಲೈವುಡ್ ಹಾಸಿ ಅದರ ಮೇಲೆ ಉರುಳಲು ಬಿಡಿ.

ಜಾಕ್ ಏರುತ್ತಿದೆ, ಗಾಡಿ ಏಳುತ್ತಿಲ್ಲ

ಕಿರ‍್ರ್ ಎಂಬ ಸದ್ದು, ತಗಡು ಮಡಚಿದ ಗುರುತು ಕಂಡರೆ ನಿಲ್ಲಿಸಿ. ಜಾಕ್ ತಪ್ಪು ಜಾಗದಲ್ಲಿದೆ, ಅಥವಾ ಸರಿಯಾದ ಜಾಗವೇ ತುಕ್ಕು ತಿಂದಿದೆ.

ಹ್ಯಾಚ್‌ಬ್ಯಾಕ್, ಸೆಡಾನ್, ಸಣ್ಣ ಎಸ್‌ಯುವಿಗಳಲ್ಲಿ ಬಾಗಿಲ ಕೆಳಗೆ ಉದ್ದಕ್ಕೆ ಎರಡು ತಗಡು ಸೇರಿಸಿ ಬೆಸೆದ ಅಂಚು ಇರುತ್ತದೆ. ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ, ಆ ಅಂಚಿನಲ್ಲಿ ಎರಡೆರಡು ಕಚ್ಚುಗಳು. ಜಾಕ್ ಕೂರಬೇಕಾದದ್ದು ಆ ಎರಡು ಕಚ್ಚುಗಳ ನಡುವೆ. ಒಳಗಿಂದ ಬಲಪಡಿಸಿರುವುದು ಅಷ್ಟೇ ಜಾಗ. ನಾಲ್ಕು ಬೆರಳು ಆಚೀಚೆ ಆದರೂ ಬರೀ ತಗಡು. ಗಾಡಿಯ ಜೊತೆ ಬರುವ ಜಾಕಿನ ತಲೆಯಲ್ಲಿ ಸೀಳು ಇರುವುದು ಅಂಚು ಅದರೊಳಗೆ ಕೂರಲಿ ಎಂದು. ಟ್ರಾಲಿ ಜಾಕಿನ ತಲೆ ಚಪ್ಪಟೆ ಬಟ್ಟಲಿನಂತಿರುತ್ತದೆ, ನೇರವಾಗಿ ಕೊಟ್ಟರೆ ಅಂಚು ಮಡಚಿ ಜಾರುತ್ತದೆ. ನಡುವೆ ಸೀಳು ಕೊಯ್ದ ದಪ್ಪ ರಬ್ಬರ್ ಪ್ಯಾಡ್ ಇಡಿ.

ಇಂಜಿನ್ನಿನ ಆಯಿಲ್ ಚೇಂಬರ್, ಗೇರ್‌ಬಾಕ್ಸ್ ತಳ, ಸ್ಟೆಪ್ನಿ ಇಡುವ ಗುಂಡಿ, ಬ್ರೇಕ್ ಮತ್ತು ಪೆಟ್ರೋಲ್ ಪೈಪು ಹಾದುಹೋಗುವ ಜಾಗ, ಇಲ್ಲೆಲ್ಲ ಜಾಕ್ ಸಲ್ಲದು. ಎಲೆಕ್ಟ್ರಿಕ್ ಗಾಡಿಯಲ್ಲಿ ತಳದ ತುಂಬ ಬ್ಯಾಟರಿ ಇರುತ್ತದೆ, ಗುರುತಿಸಿದ ನಾಲ್ಕು ಜಾಗ ಬಿಟ್ಟು ಬೇರೆಡೆ ಮುಟ್ಟಲೇಬಾರದು. ಚಾಸಿ ಮೇಲೆ ಕಟ್ಟಿದ ಬೊಲೆರೊ, ಸ್ಕಾರ್ಪಿಯೋಗಳ ಲೆಕ್ಕ ಬೇರೆ, ಅಲ್ಲಿ ಚಾಸಿ ಅಥವಾ ಆಕ್ಸಲ್. ಗಾಡಿಯ ಪುಸ್ತಕದಲ್ಲಿ ಚಿತ್ರ ಕೊಟ್ಟಿರುತ್ತಾರೆ.

ಕರಾವಳಿಯ ಉಪ್ಪುಗಾಳಿಯಲ್ಲಿ ಹತ್ತು ವರ್ಷ ಕಳೆದ ಗಾಡಿಗಳಿಗೆ ತುಕ್ಕಿನ ಪರೀಕ್ಷೆ ಕಡ್ಡಾಯ ಎಂದೇ ಇಟ್ಟುಕೊಳ್ಳಿ. ಕೆಸರು ಕಟ್ಟಿ ನೀರಿಳಿಯುವ ತೂತು ಮುಚ್ಚಿದರೆ ತಗಡು ಒಳಗಿಂದ ಕೊಳೆಯುತ್ತದೆ, ಹೊರಗೆ ಬಣ್ಣ ಗುಳ್ಳೆ ಎದ್ದಾಗಲೇ ತಿಳಿಯುವುದು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಟಣ್ ಎಂದರೆ ಗಟ್ಟಿ, ದಬ್ ಎಂದು ಸದ್ದು ಸತ್ತು ಪುಡಿ ಉದುರಿದರೆ ಅಲ್ಲಿ ಎತ್ತಬೇಡಿ. ಮೊದಲು ಬಾಡಿ ಕೆಲಸದವರಲ್ಲಿ ತಗಡು ಹಾಕಿಸಿ.

ಇನ್ನೊಂದು ಸುಳ್ಳು ದೋಷವೂ ಇದೆ. ಜಾಕ್ ಏರುತ್ತದೆ, ಬಾಡಿಯೂ ಏಳುತ್ತದೆ, ಚಕ್ರ ಮಾತ್ರ ನೆಲ ಬಿಡುವುದಿಲ್ಲ. ಭಾರ ಇಳಿದಂತೆ ಸಸ್ಪೆನ್ಶನ್ ಕೆಳಗೆ ಜೋತುಬೀಳುವುದರಿಂದ ಇದು ಸಹಜ. ಎತ್ತರದ ಗಾಡಿಗೆ 33 ಸೆಂ.ಮೀ. ಏರುವ ಅಗ್ಗದ ಟ್ರಾಲಿ ಜಾಕ್ ಸಾಲದೇ ಹೋಗುವುದು ಹೀಗೆ. ಜಾಕಿನ ತಲೆಯ ಮೇಲೆ ಮರದ ತುಂಡು ಪೇರಿಸುವವರಿದ್ದಾರೆ. ಅದು ಪಕ್ಕಕ್ಕೆ ಚಿಮ್ಮುತ್ತದೆ. ಹೆಚ್ಚು ಏರುವ ಜಾಕ್ ತನ್ನಿ. ಪಂಕ್ಚರ್ ಕೆಲಸದಲ್ಲಿ ಇದರದೇ ಇನ್ನೊಂದು ರೂಪ: ಗಾಳಿ ಹೋದ ಟೈರ್ ಕಳಚುವಷ್ಟು ಎತ್ತಿದರೆ ಗಾಳಿ ತುಂಬಿದ ಸ್ಟೆಪ್ನಿ ಕೂರುವುದಿಲ್ಲ, ಇನ್ನೂ ಏಳೆಂಟು ಸೆಂ.ಮೀ. ಬೇಕು. ಅದನ್ನು ಮೊದಲೇ ಎತ್ತಿಬಿಡಿ. ಚಪ್ಪಟೆ ಟೈರಿನಿಂದಾಗಿ ಜಾಕ್ ಅಡಿಗೇ ಹೋಗದಿದ್ದರೆ, ಅದೇ ಟೈರನ್ನು 3 ಸೆಂ.ಮೀ. ದಪ್ಪದ ಹಲಗೆಯ ಮೇಲೆ ಹತ್ತಿಸಿ ನಿಲ್ಲಿಸಿ.

ನೆಲ ಕುಸಿಯುತ್ತಿದೆ

ಒಂದು ಟನ್ ತೂಗುವ ಕಾರಿನ ಒಂದು ಮೂಲೆಯಲ್ಲಿ 250ರಿಂದ 300 ಕೆ.ಜಿ. ಇರುತ್ತದೆ. ಸ್ಕ್ರೂ ತಿರುಗಿಸಿ ಏರಿಸುವ ಕತ್ತರಿ ಜಾಕಿನ ತಳ ಸುಮಾರು 8 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದ ಎಂದಿಟ್ಟುಕೊಂಡರೆ ಚದರ ಸೆಂ.ಮೀ.ಗೆ ಎರಡು ಕೆ.ಜಿ.ಯ ಹತ್ತಿರ. ಮಳೆ ಬಿದ್ದ ಕೆಂಪು ಮಣ್ಣು ಇದನ್ನು ತಡೆಯುವುದಿಲ್ಲ, ಅದೂ ಒಂದೇ ಬದಿಗೆ ಕುಸಿಯುತ್ತದೆ. 30×30 ಸೆಂ.ಮೀ. ದಪ್ಪ ಪ್ಲೈವುಡ್ ಅಡಿಗಿಟ್ಟರೆ ಒತ್ತಡ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಏಪ್ರಿಲ್–ಮೇ ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲೂ ಇದೇ ಉಪಾಯ.

ಹಲಗೆ ಸಿಗದಾಗ ಕೈಗೆ ಬರುವುದು ಇಟ್ಟಿಗೆ, ಹಾಲೋ ಬ್ಲಾಕ್, ಕಡಪ ಚಪ್ಪಡಿ, ಕರಾವಳಿಯಲ್ಲಾದರೆ ಮುರಕಲ್ಲು. ಗೋಡೆಗೆ ಇವು ಲಾಯಕ್ಕು, ಕಾರಿನ ಅಡಿಗೆ ಅಲ್ಲ. ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಮುನ್ಸೂಚನೆ ಇಲ್ಲದೆ ಸೀಳುತ್ತವೆ. ಮರವಾದರೆ ಮುರಿಯುವ ಮೊದಲು ಚಟಚಟ ಎನ್ನುತ್ತದೆ, ನಮಗೆ ಎರಡು ಕ್ಷಣ ಸಿಗುತ್ತದೆ.

ಹೈಡ್ರಾಲಿಕ್ ಜಾಕ್: ಏರಿದ್ದು ತಾನಾಗಿ ಇಳಿಯುತ್ತದೆ

ಮೇಲಿನದೆಲ್ಲ ಸರಿಯಿದ್ದರೆ ಈಗ ಜಾಕಿನ ಸರದಿ. ಗಾಡಿಯ ಒಂದು ಮೂಲೆಯನ್ನು ಚಕ್ರ ನೆಲ ಬಿಡದಷ್ಟೇ ಎತ್ತಿ, ಜಾಕಿನ ತಲೆಯಿಂದ ನೆಲಕ್ಕೆ ಅಳೆದು ಬರೆದಿಡಿ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ದೋಷ ಖಚಿತ. ಆಮೇಲೆ ಇಳಿಸಿ ಜಾಕನ್ನು ಹೊರಗೆಳೆದು, ರ‍್ಯಾಮ್, ಅಂದರೆ ಹೊರಬರುವ ಹೊಳೆಯುವ ಉಕ್ಕಿನ ಕೋಲನ್ನು ಬಟ್ಟೆಯಿಂದ ಒರೆಸಿ ನೋಡಿ.

ಕೋಲಿನ ಸುತ್ತ ಎಣ್ಣೆ ಜಿನುಗಿದ್ದರೆ ಎಣ್ಣೆ ತಡೆಯುವ ರಬ್ಬರ್ ಸೀಲ್ ಸವೆದಿದೆ. ಕೋಲಿನ ಮೇಲೆ ಉದ್ದುದ್ದ ಗೀರು, ತುಕ್ಕಿನ ಚುಕ್ಕೆ ಇದ್ದರೆ ಹೊಸ ಸೀಲನ್ನೂ ಅದು ಬೇಗನೇ ಹರಿಯುತ್ತದೆ, ದುಡ್ಡು ದಂಡ. ಕೋಲು ನುಣುಪಾಗಿದ್ದರೆ ಮಾತ್ರ ಸೀಲ್ ಬದಲಿಸಿ. ತೆಗೆದ ಹಳೇ ಸೀಲನ್ನೇ ಕೈಯಲ್ಲಿ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಗೆ ಹೋದರೆ ಅಳತೆಗೆ ಹೊಂದುವುದು ಸಿಗಬಹುದು.

ಕೋಲು ಒಣಗಿದ್ದೂ ಇಳಿಯುತ್ತಿದ್ದರೆ ಎಣ್ಣೆ ಒಳಗೊಳಗೇ ಹಿಂದೆ ಹರಿಯುತ್ತಿದೆ. ಇಳಿಸುವ ವಾಲ್ವ್ ಕೂರುವ ಜಾಗದಲ್ಲಿ ಕಸ ಸಿಕ್ಕಿರುವುದೇ ಹೆಚ್ಚು. ಭಾರವಿಲ್ಲದ ಜಾಕಿನ ವಾಲ್ವ್ ಪೂರ್ತಿ ಸಡಿಲಿಸಿ, ತೋಳನ್ನು ಕೈಯಿಂದ ಮೇಲೆಳೆದು ಕೆಳಗೊತ್ತುವುದನ್ನು ಹತ್ತು ಸಲ ಮಾಡಿ. ಹರಿಯುವ ಎಣ್ಣೆಯೇ ಕಸವನ್ನು ತೊಳೆದೊಯ್ಯುತ್ತದೆ. ಆಗಲೂ ಸರಿಹೋಗದಿದ್ದರೆ ಎಣ್ಣೆ ಪೂರ್ತಿ ಸುರಿದು ಹೊಸದು ತುಂಬಿ. ವಾಲ್ವನ್ನು ಹೊರತೆಗೆಯುವುದಾದರೆ ಕೆಳಗೆ ತಟ್ಟೆ ಇಟ್ಟುಕೊಳ್ಳಿ. ಒಳಗಿನ ಸಣ್ಣ ಉಕ್ಕಿನ ಗುಂಡು ಉರುಳಿ ಚರಂಡಿ ಸೇರಿದರೆ ಜಾಕ್ ಗುಜರಿಗೆ.

ಪಂಪ್ ಮಾಡುವಾಗ ಹಿಡಿಕೆ ತಾನಾಗಿ ಮೇಲಕ್ಕೆ ಒದ್ದುಬರುತ್ತಿದ್ದರೆ ದೋಷ ಬೇರೆ ಕಡೆ. ಪಂಪಿನಿಂದ ಎಣ್ಣೆ ಆಚೆ ಹೋದ ಮೇಲೆ ಮುಚ್ಚಿಕೊಳ್ಳಬೇಕಾದ ಗುಂಡು ವಾಲ್ವ್ ಮುಚ್ಚುತ್ತಿಲ್ಲ, ಗಾಡಿಯ ಭಾರವೇ ಹಿಡಿಕೆಯನ್ನು ನೂಕುತ್ತಿದೆ. ಮುಖ ಹಿಡಿಕೆಯ ನೇರಕ್ಕೆ ಇರದಂತೆ ನೋಡಿಕೊಳ್ಳಿ.

ಪಂಪ್ ಮಾಡಿದರೂ ಏರುವುದಿಲ್ಲ, ಅರ್ಧಕ್ಕೇ ನಿಲ್ಲುತ್ತದೆ

ಮೊದಲು ಇಳಿಸುವ ವಾಲ್ವ್ ಬಲಕ್ಕೆ ತಿರುಗಿಸಿ ಬಿಗಿ ಮಾಡಿದ್ದೀರಾ ನೋಡಿ. ನಗಬೇಡಿ, ಹಿಡಿಕೆಯ ತುದಿಯ ಕಚ್ಚು ಸವೆದು, ಹಿಡಿಕೆ ತಿರುಗಿದರೂ ವಾಲ್ವ್ ತಿರುಗದೇ ಇರುವುದು ಮಾಮೂಲು.

ಹಿಡಿಕೆ ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ. ಬಾಟಲಿಯಂತೆ ನೆಟ್ಟಗೆ ನಿಲ್ಲುವ ಬಾಟಲ್ ಜಾಕನ್ನು ಡಿಕ್ಕಿಯಲ್ಲಿ ಮಲಗಿಸಿಟ್ಟರೆ ಹೀಗಾಗುತ್ತದೆ. ನಿಲ್ಲಿಸಿ, ವಾಲ್ವ್ ಒಂದು ಸುತ್ತು ಸಡಿಲಿಸಿ, ಭಾರವಿಲ್ಲದೆ ಹದಿನೈದು ಇಪ್ಪತ್ತು ಸಲ ಜೋರಾಗಿ ಪಂಪ್ ಮಾಡಿ, ಎಣ್ಣೆ ತುಂಬುವ ರಬ್ಬರ್ ಮುಚ್ಚಳವನ್ನು ಒಮ್ಮೆ ಎತ್ತಿ ಗಾಳಿ ಬಿಡಿ, ಮುಚ್ಚಿ, ವಾಲ್ವ್ ಬಿಗಿ ಮಾಡಿ.

ಒಂದು ಎತ್ತರಕ್ಕೆ ಸರಾಗವಾಗಿ ಏರಿ ಪ್ರತಿಸಲ ಅಲ್ಲೇ ನಿಂತರೆ ಎಣ್ಣೆ ಕಮ್ಮಿ. ಜಾಕನ್ನು ಪೂರ್ತಿ ಇಳಿಸಿದ ಸ್ಥಿತಿಯಲ್ಲೇ, ಸಮ ನೆಲದಲ್ಲಿ, ತೂತಿನ ಕೆಳ ಅಂಚಿನವರೆಗೆ ತುಂಬಿ. ಏರಿದ ಸ್ಥಿತಿಯಲ್ಲಿ ತುಂಬಿದರೆ ಇಳಿಯುವಾಗ ಎಣ್ಣೆಗೆ ಜಾಗ ಸಾಲದೆ ಮುಚ್ಚಳದಿಂದ ಉಕ್ಕುತ್ತದೆ, ಜಾಕ್ ಪೂರ್ತಿ ಇಳಿಯುವುದೂ ಇಲ್ಲ. ಹಾಕಬೇಕಾದದ್ದು ಹೈಡ್ರಾಲಿಕ್ ಜಾಕ್ ಆಯಿಲ್, ಡಬ್ಬಿಯ ಮೇಲೆ ಐಎಸ್‌ಓ 32 ದರ್ಜೆ ಎಂದಿದ್ದರೆ ಸರಿ. ಅರ್ಧ ಲೀಟರ್ ಸಾಕು. ಬ್ರೇಕ್ ಆಯಿಲ್ ಮಾತ್ರ ಹಾಕಲೇಬೇಡಿ. ಹೆಸರು ಆಯಿಲ್ ಆದರೂ ಅದು ಗ್ಲೈಕಾಲ್ ದ್ರವ, ಜಾಕಿನ ರಬ್ಬರ್ ಸೀಲು ಊದಿಕೊಂಡು ಹಾಳಾಗುತ್ತದೆ.

ಸಣ್ಣ ಕಾರನ್ನು ಎತ್ತಿ ದೊಡ್ಡ ಗಾಡಿಗೆ ಬಂದಾಗ ಮಾತ್ರ ಸೋಲುವ ಜಾಕಿನಲ್ಲಿ ದೋಷವೇ ಇಲ್ಲದಿರಬಹುದು. ಮಿತಿಮೀರಿದ ಭಾರಕ್ಕೆ ತೆರೆದುಕೊಳ್ಳುವ ವಾಲ್ವ್ ತನ್ನ ಕೆಲಸ ಮಾಡುತ್ತಿದೆ. ಅದರ ಸ್ಕ್ರೂ ಬಿಗಿ ಮಾಡಿ "ಶಕ್ತಿ ಹೆಚ್ಚಿಸುವ" ಉಪಾಯ ಯಾರು ಹೇಳಿದರೂ ಕೇಳಬೇಡಿ.

ಕತ್ತರಿ ಜಾಕ್

ಇದರಲ್ಲಿ ಎಣ್ಣೆಯಿಲ್ಲ, ಸ್ಕ್ರೂ ಮಾತ್ರ. ಮರೆಯ, ಅಂದರೆ ಸ್ಕ್ರೂ ಮೇಲಿನ ಸುರುಳಿ ಏಣಿನ, ಘರ್ಷಣೆಯೇ ಅದನ್ನು ಹಿಡಿದಿಡುವುದರಿಂದ ತಾನಾಗಿ ಇಳಿಯಕೂಡದು. ಇಳಿದರೆ ನೆಲ ಕುಸಿದಿದೆ, ತೋಳು ಬಾಗುತ್ತಿದೆ, ಇಲ್ಲವೇ ಮರೆ ಸವೆದಿದೆ. ತಿರುಗಿಸಲು ಕಷ್ಟವಾದರೆ ಮರೆಯ ಮಣ್ಣು ತೆಗೆದು ಗ್ರೀಸ್ ಹಚ್ಚಿ. ತೋಳು ಬಾಗಿದ್ದನ್ನು ಸುತ್ತಿಗೆಯಿಂದ ನೇರ ಮಾಡಿ ಬಳಸುವಂತಿಲ್ಲ.

ಸ್ಟ್ಯಾಂಡ್ ಮೇಲೆ ಕೂರಿಸಿದರೂ ಅಲುಗಾಡುತ್ತದೆ

ಚಕ್ರ ಬದಲಿಸುವುದಕ್ಕಿಂತ ಹೆಚ್ಚಿನ ಯಾವ ಕೆಲಸಕ್ಕೂ ಜಾಕ್ ಸ್ಟ್ಯಾಂಡ್, ಅಂದರೆ ಎತ್ತಿದ ಗಾಡಿಯ ಭಾರ ಹೊರುವ ಕಬ್ಬಿಣದ ಊರುಗಾಲು, ಬೇಕು. ನಾಲ್ಕು ಕಾಲೂ ನೆಲ ಮುಟ್ಟಿವೆಯೇ ನೋಡಿ: ಕಾಲಿನಡಿ ಕಾಗದ ತೂರಿಸಿ ಎಳೆಯಿರಿ, ಸಲೀಸಾಗಿ ಬಂದರೆ ಆ ಕಾಲು ಭಾರ ಹೊತ್ತಿಲ್ಲ. ಹಲ್ಲಿನ ಸ್ಟ್ಯಾಂಡ್ ಆದರೆ ಕೊಕ್ಕೆ ಹಲ್ಲಿನೊಳಗೆ ಪೂರ್ತಿ ಕೂತಿರಬೇಕು. ಎತ್ತರ ಹೊಂದಿಸಿದ ಮೇಲೆ ಲಿವರನ್ನು ಕೆಳಗೆ ಒತ್ತಿ ಖಾತ್ರಿ ಮಾಡಿಕೊಳ್ಳಿ. 2020ರಲ್ಲಿ ಅಮೆರಿಕದಲ್ಲಿ 3 ಟನ್, 6 ಟನ್ ಸ್ಟ್ಯಾಂಡ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ವಾಪಸ್ ಕರೆಸಿಕೊಂಡದ್ದು ಹಲ್ಲು–ಕೊಕ್ಕೆ ಸರಿಯಾಗಿ ಕಚ್ಚದ ಇದೇ ದೋಷಕ್ಕೆ. ಅಲ್ಲಿರುವವರು ಹಳೆಯ ಸ್ಟ್ಯಾಂಡ್ ಕೊಳ್ಳುವಾಗ ಮಾಡೆಲ್ ಸಂಖ್ಯೆ ನೋಡಿಕೊಳ್ಳುವುದು ಒಳ್ಳೆಯದು. ಅಡ್ಡ ಪಿನ್ ತೂರಿಸುವ ಬಗೆಯವು ನೋಡಲು ಒರಟು, ಆದರೆ ಪಿನ್ ಆಚೆ ಬಂದದ್ದು ಕಣ್ಣಿಗೇ ಕಾಣುವುದರಿಂದ ಮನೆಬಳಕೆಗೆ ಅವೇ ಮೇಲು.

ಜಾಕ್ ನಿಧಾನವಾಗಿ ಇಳಿಸಿ ಭಾರ ಸ್ಟ್ಯಾಂಡಿಗೆ ಬಂದ ಮೇಲೆ ಬಾನೆಟ್ ಪಕ್ಕದಲ್ಲಿ ಎರಡೂ ಕೈಯಿಂದ ದೂಡಿ. ಬೀಳುವುದಿದ್ದರೆ ಈಗಲೇ ಬೀಳಲಿ. ಜಾಕನ್ನು ತೆಗೆಯದೆ, ತಲೆ ತಗಡಿಗೆ ಮುಟ್ಟುವಷ್ಟು ಏರಿಸಿ ಹಾಗೆಯೇ ಬಿಡಿ. ಕೆಲಸ ಮುಗಿಯುವ ತನಕ ಒಳಗೆ ಯಾರೂ ಕೂರಬಾರದು, ಬಾಗಿಲು ಬಡಿಯಬಾರದು. ಬಿಗಿದ ನಟ್‌ಗೆ ಪಾನಾ ಹಾಕಿ ಜಗ್ಗುವುದೂ ಬೇಡ. ವೀಲ್ ನಟ್‌ಗಳನ್ನು ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸಿರಬೇಕು.

ಇಳಿಸಿದ ಮೇಲೆ ಗಾಡಿ ಒಂದು ಕಡೆ ಎತ್ತರ ನಿಂತಿದೆ

ಸ್ಪ್ರಿಂಗ್ ಹೋಯಿತೆಂದು ಗಾಬರಿಯಾಗಬೇಡಿ. ಗಾಳಿಯಲ್ಲಿ ಜೋತುಬಿದ್ದಾಗ ಚಕ್ರ ಸ್ವಲ್ಪ ಒಳಕ್ಕೆ ಸೇರಿರುತ್ತದೆ, ಇಳಿದಾಗ ಟೈರ್ ನೆಲಕ್ಕೆ ಕಚ್ಚಿಕೊಂಡು ಹೊರಕ್ಕೆ ಸರಿಯಲು ಬಿಡುವುದಿಲ್ಲ. ನಟ್‌ಗಳನ್ನು ಒಂದು ಬಿಟ್ಟು ಒಂದರಂತೆ, ಪುಸ್ತಕದಲ್ಲಿ ಹೇಳಿದ ಬಿಗಿಗೆ, ಸಣ್ಣ ಕಾರುಗಳಲ್ಲಿ ಅದು 85ರಿಂದ 110 ನ್ಯೂಟನ್ ಮೀಟರ್ ಆಸುಪಾಸು, ಬಿಗಿ ಮಾಡಿ. ಅಡ್ಡಗಲ್ಲು ತೆಗೆದು ಗಾಡಿಯನ್ನು ಒಂದೆರಡು ಮೀಟರ್ ಹಿಂದೆ ಮುಂದೆ ಮಾಡಿದರೆ ತನ್ನ ಎತ್ತರಕ್ಕೆ ಬಂದು ಕೂರುತ್ತದೆ. 50–100 ಕಿ.ಮೀ. ಓಡಿದ ಮೇಲೆ ನಟ್‌ಗಳಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡಿ.